ಮಂಜುಗಡ್ಡೆಯೊಳಗೆ ಕೂತೇ ನಡೆಸಿಕೊಟ್ಟ ಸ್ವಾಮಿ

ಇವತ್ತು ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಡ್ರೈವ್‌ವೇಯ ಹಿಮ ಎತ್ತಿ ಹಾಕಿ, ಮತ್ತೆ ಗಡ್ಡೆ ಕಟ್ಟದಂತೆ ಉಪ್ಪು ಚೆಲ್ಲಿದೆ. ನಮ್ಮನೆಯವರನ್ನು ಮೆಟುಚೆನ್ ಸ್ಟೇಷನ್ನಿಗೆ ಬಿಟ್ಟುಬಂದೆ. ವಡೆಗೆ ಉದ್ದಿನಬೇಳೆ ನೆನೆಹಾಕಿದೆ. ಆಮೇಲೆ ಸ್ನಾನ ಮಾಡಿ ಬಂದು ಫ್ರೀಜರ್ ತೆರೆದು, ಕಾಯಿತುರಿ ಪ್ಯಾಕೆಟ್ಟುಗಳ ಹಿಂದಿದ್ದ ಸ್ಟೀಲ್ ಡಬ್ಬಿಯನ್ನು ಹೊರಗೆ ತೆಗೆದೆ. ಅದರೊಳಗೆ ಮಂಜುಗಡ್ಡೆ. ಮಂಜುಗಡ್ಡೆಯೊಳಗೆ ನಮ್ಮ ಮನೆಯ ಆಂಜನೇಯಸ್ವಾಮಿ.

ಭಕ್ತ ಬಂಧುಗಳೇ, ಅಪಚಾರ ಎನ್ನಬೇಡಿ. ಪೂರ್ತಿ ಓದಿ ಆಮೇಲೆ ಬೈಯಿರಿ.

ನಮ್ಮ ಮಹಡಿ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿ ರೆಸಿ, ಆಸ್ಟ್ರಿಯಾದವಳು. ಹಿಮದ ಗುಡ್ಡಗಳಿಂದ ಜಾರಿಕೊಂಡು ಇಳಿಯುವ ಸ್ಕೀ ರೇಸಿನಲ್ಲಿ ತನ್ನ ದೇಶದ ಕಿರಿಯರ ತಂಡದಲ್ಲಿದ್ದಳು. ಒಂದು ಬೆಳಿಗ್ಗೆ ಕೋಚ್‌ಗೆ ಮೊಣಕಾಲು ನೋಯುತ್ತಿದೆ ಎಂದಳಂತೆ. ಆತ ನಾಟಕ ಬೇಡ, ಇಳಿ ಎಂದ. ಇಳಿದಳು, ಬಿದ್ದಳು, ಮೊಣಕಾಲಿನ ನರ ಹರಿಯಿತು. ಆಮೇಲೆ ಅದೇ ಮನುಷ್ಯ, ಈ ಹುಡುಗಿ ನೋವು ಮುಚ್ಚಿಟ್ಟು ರೇಸಿಗೆ ನಿಂತಳು ಎಂದು ಮೇಲಿನವರಿಗೆ ಹೇಳಿ ತಂಡದಿಂದ ತೆಗೆಸಿದ. ಆಪರೇಷನ್ ಆಗಿ ಚೇತರಿಸಿಕೊಂಡ ಮೇಲೆ ಅವಳು ಇಲ್ಲಿ ಅಮೆರಿಕಕ್ಕೆ ಬಂದು, ಸೂರಿನಡಿ ಕೃತಕ ಹಿಮ ಹಾಸಿದ ಕಡೆ ಮಕ್ಕಳಿಗೆ ಜಾರುವುದು ಕಲಿಸುವ ಕೆಲಸಕ್ಕೆ ಸೇರಿದಳು. ಆಷಾಢದ ಸೆಕೆಯಲ್ಲೂ ಸ್ಕೀ ಹೊತ್ತು ರೈಲು ಹತ್ತಿ, ಸೀಕಾಕಸ್‌ನಲ್ಲಿ ಇಳಿದು ಬಸ್ಸು ಹಿಡಿಯುತ್ತಿದ್ದಳು. ಕೆಲಸ ಮುಗಿದ ಮೇಲೆ ಅಲ್ಲೇ ಅಭ್ಯಾಸ.

ಮಾರ್ಗಶಿರದಲ್ಲಿ ಮೊಣಕಾಲು ಮತ್ತೆ ಊದಿತು. ಎಮರ್ಜೆನ್ಸಿಯಲ್ಲಿ ಗಂಟೆಗಟ್ಟಲೆ ಕೂತಿದ್ದೆವು. ನರಕ್ಕೆ ಏನೂ ಆಗಿಲ್ಲ, ಐಸ್ ಇಡಿ ಎಂದು ಕಳಿಸಿದರು. ಮನೆಗೆ ಬಂದು ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಅವಳು ಫೋನ್ ತಂದು ತೋರಿಸಿದಳು. ತಂಡದಲ್ಲಿ ನನಗೆ ಇನ್ನೊಂದು ಅವಕಾಶ ಕೊಡಿ ಎಂದು ಕೇಳಿದ್ದಕ್ಕೆ ಆ ಕೋಚ್ ಬರೆದಿದ್ದ: ಸುಳ್ಳು ಹೇಳುವವರಿಗೆ ನನ್ನ ತಂಡದಲ್ಲಿ ಜಾಗವಿಲ್ಲ, ಮಕ್ಕಳನ್ನು ಆಡಿಸಿಕೊಂಡಿರು.

"ಆಂಟಿ, ಐ ಆಮ್ ಡನ್. ಐ ಗೋ ಹೋಮ್" ಎಂದು ಸೂಟ್‌ಕೇಸ್ ಎಳೆದಳು. ನನ್ನ ಒಗ್ಗರಣೆ ಸೀದುಹೋಯಿತು.

ನಮ್ಮ ತವರಿನ ಕಡೆ ಮಳೆ ಕೈಕೊಟ್ಟರೆ ಈಶ್ವರನ ಗರ್ಭಗುಡಿಗೆ ಕೊಡಗಟ್ಟಲೆ ನೀರು ತುಂಬಿ, ದೇವರನ್ನು ಮುಳುಗಿಸಿ ಬಾಗಿಲು ಹಾಕುತ್ತಾರೆ. ದಿಗ್ಬಂಧನ ಎನ್ನುತ್ತಾರೆ. ಮಳೆ ಬಂದ ಮೇಲೇ ಬಿಡುಗಡೆ. ನಾನು ಸ್ವಾಮಿಯನ್ನು ಡಬ್ಬಿಯಲ್ಲಿ ಕೂರಿಸಿ, ನೀರು ತುಂಬಿ ಫ್ರೀಜರಿಗಿಟ್ಟೆ. ಇವಳ ಕೆಲಸ ಹಿಮದ ಮೇಲೆ ಸ್ವಾಮಿ, ಅದು ಆಗುವವರೆಗೆ ನೀನೂ ಅಲ್ಲೇ ಇರು ಎಂದೆ. ಆ ಕೋಚಿನ ಹುಡುಗಿಯರೆಲ್ಲರಿಗಿಂತ ಇವಳು ಮುಂದೆ ಬರಬೇಕು, ಅವನು ಕಣ್ಣಾರೆ ನೋಡಬೇಕು, ಅವನ ಮೊಣಕಾಲೂ ಮುರಿಯಬೇಕು ಎಂದೂ ಕೇಳಿದೆ. ಕೇಳಿದ್ದನ್ನು ಮುಚ್ಚಿಡುವುದಿಲ್ಲ.

ಅದೇ ತಿಂಗಳ ಹನುಮ ಜಯಂತಿಗೂ ತೆಗೆಯಲಿಲ್ಲ. ಅವತ್ತು ನಮ್ಮನೆಯವರು ಬಟಾಣಿ ಹುಡುಕಲು ಹೋಗಿ ಕೂಗಿಕೊಂಡರು.

"ಏನೇ ಇದು, ಹನುಮಪ್ಪ ಫ್ರೀಜರ್‌ನಲ್ಲಿ ಕೂತಿದಾನೆ?"

"ಇರ್ಲಿ ಬಿಡಿ. ಅವನಿಗೂ ಚಳಿ ಗೊತ್ತಾಗ್ಲಿ."

"ಲಂಕೆ ಸುಟ್ಟವನು ಕಣೇ, ಪಾಪ, ಬೆಂಕಿ ಅಭ್ಯಾಸ."

"ಹಾಗಾದ್ರೆ ಬೇಗ ಕೆಲಸ ಮುಗಿಸ್ತಾನೆ."

ರೆಸಿಯ ಸೂಟ್‌ಕೇಸನ್ನು ಅವಳು ಎಳೆದ ದಿನವೇ ನಾನು ಮಹಡಿಗೆ ವಾಪಸ್ಸು ಹೊತ್ತೊಯ್ದಿದ್ದೆ, ಅವಳೂ ಉಳಿದಳು. ಆ ಕೋಚ್ ತನ್ನ ಹುಡುಗಿಯರನ್ನು ಕರೆದುಕೊಂಡು ಇಲ್ಲಿಯ ಉತ್ತರದ ರಾಜ್ಯ ವರ್ಮಾಂಟ್‌ನ ರೇಸಿಗೆ ಬರುತ್ತಾನೆ ಎಂದು ಆಮೇಲೆ ತಿಳಿಯಿತು. ರೆಸಿಗೆ ತಂಡ ಇರಲಿಲ್ಲ, ರೇಸಿಗಿಳಿಯುವ ಲೈಸೆನ್ಸ್ ಇತ್ತು. ಹೆಸರು ಕೊಟ್ಟಳು.

ನಿನ್ನೆ ಭಾನುವಾರ ಆ ರೇಸು, ನಾನೂ ಅವಳ ಜೊತೆ ಹೋಗಿದ್ದೆ. ನೆಟ್ಟ ಕೋಲುಗಳ ನಡುವೆ ಒಂದನ್ನೂ ಬಿಡದೆ ಬಳುಕಿಕೊಂಡು ಎರಡು ಸಲ ಇಳಿಯಬೇಕು, ಎರಡರ ಸಮಯ ಕೂಡಿಸುತ್ತಾರೆ. ಮೊದಲ ಇಳಿತದಲ್ಲಿ ಮೂವತ್ತರೊಳಗೆ ಬಂದವರನ್ನು ಎರಡನೆಯದಕ್ಕೆ ಹಿಂದುಮುಂದಾಗಿ ಬಿಡುತ್ತಾರೆ. ಮೂವತ್ತನೆಯವಳು ಎಲ್ಲರಿಗಿಂತ ಮೊದಲು, ನುಣ್ಣನೆಯ ಹಿಮದ ಮೇಲೆ. ಮೂವತ್ತೊಂದನೆಯವಳು ಅವರೆಲ್ಲ ಉತ್ತು ಹಾಕಿದ ಹಿಮದ ಮೇಲೆ.

ರೆಸಿ ಬಂದದ್ದು ಮೂವತ್ತೊಂದನೆಯವಳಾಗಿ. ಬಿಸಿಲು ಬೇರೆ ಏರಿ ಹಿಮ ಮೆತ್ತಗಾಗುತ್ತಿತ್ತು. ಅವಳು ಹೆಲ್ಮೆಟ್ ತೆಗೆದು ಹಿಮದ ಮೇಲೇ ಕೂತಳು. ಸ್ವಾಮಿ, ಬೇಸಿಗೆಗೂ ನಿನ್ನನ್ನು ತೆಗೆಯುವುದಿಲ್ಲ ಎಂದು ಅಲ್ಲೇ ಬೈದೆ.

ಅಷ್ಟರಲ್ಲಿ ಆ ಕೋಚ್ ಫೋನ್ ಹಿಡಿದು ಅಧಿಕಾರಿಗಳ ಹತ್ತಿರ ಓಡಿದ. ಅವನ ತಂಡದ ಒಬ್ಬಳಿಗಿಂತ ಒಂದೇ ಸ್ಥಾನ ಮುಂದಿದ್ದ ಅಮೆರಿಕದ ಹುಡುಗಿಯೊಬ್ಬಳು ಒಂದು ಕೋಲು ತಪ್ಪಿಸಿದ್ದಳಂತೆ. ವಿಡಿಯೋ ತೋರಿಸಿ, "ರೂಲ್ಸ್ ಆರ್ ರೂಲ್ಸ್!" ಎಂದು ಕಿರುಚಿದ. ಆ ಮಗುವನ್ನು ತೆಗೆದುಹಾಕಿದರು. ಅವಳ ಹಿಂದಿದ್ದವರೆಲ್ಲ ಒಂದೊಂದು ಸ್ಥಾನ ಮೇಲಕ್ಕೆ ಬಂದರು.

"ಆಂಟಿ! ಐ ಗೋ ಫಸ್ಟ್!" ರೆಸಿ ಓಡಿಬಂದು ನನ್ನ ಶಾಲು ಎಳೆದಳು.

ಇಳಿದಳು ನೋಡಿ! ಚಾಕು ಬೆಣ್ಣೆಯಲ್ಲಿ ಇಳಿದ ಹಾಗೆ. ಆಮೇಲೆ ಬಂದವರೆಲ್ಲ ಕಿತ್ತ ಹಿಮದಲ್ಲಿ ಸಿಕ್ಕಿಕೊಂಡು ತಡವಾದರು. ಕೊನೆಗೆ ರೆಸಿಗೆ ನಾಲ್ಕನೆಯ ಸ್ಥಾನ. ಆ ಕೋಚ್‌ನ ಹುಡುಗಿಯರೆಲ್ಲ ಅವಳ ಹಿಂದೆ.

ನಾನು ಬೇಕೆಂದೇ ಅವನ ಪಕ್ಕಕ್ಕೆ ಹೋಗಿ ನಿಂತೆ. "ಥ್ಯಾಂಕ್ ಯೂ ಸರ್. ಯುವರ್ ಕಂಪ್ಲೇಂಟ್ ಹೆಲ್ಪ್ಡ್ ಅವರ್ ಗರ್ಲ್."

"ವಿಚ್ ಗರ್ಲ್?"

ಬೆರಳು ತೋರಿಸಿದೆ. ಅವನ ಮುಖ ಹಳಸಿದ ಹುಳಿಯ ಹಾಗಾಯಿತು. ನಾನು ಕಣ್ತುಂಬ ನೋಡಿದೆ. ದೇವರ ಉತ್ಸವವನ್ನೂ ಅಷ್ಟು ನಿಧಾನವಾಗಿ ನೋಡಿದವಳಲ್ಲ.

ಅವನು ರೆಸಿಯ ಕೈಕುಲುಕಲು ಹೋದಾಗ ಅವಳು ಎಲ್ಲರೆದುರು, ನೋಯುತ್ತಿದೆ ಎಂದು ಅವತ್ತೇ ನಿಮಗೆ ಹೇಳಿದ್ದೆ ಎಂದಳು. ಅವನ ತಂಡದ್ದೇ ಒಬ್ಬ ಹುಡುಗಿ, ನಾನೂ ಕೇಳಿಸಿಕೊಂಡಿದ್ದೆ ಎಂದುಬಿಟ್ಟಳು. ಅದನ್ನೇ ಆ ಹುಡುಗಿ ರಾತ್ರಿ ಮೇಲಿನವರಿಗೂ ಬರೆದಳಂತೆ. ಇವತ್ತು ಮಧ್ಯಾಹ್ನ ರೆಸಿಗೆ ಫೋನ್ ಬಂತು: ಬೇರೆ ಕೋಚ್ ಕೈಕೆಳಗೆ ತಂಡಕ್ಕೆ ಬಾ ಎಂದು.

ನಾನು ಅವನ ಮೊಣಕಾಲು ಕೇಳಿದ್ದೆ. ಸ್ವಾಮಿ ಅವನ ಕೈಯಿಂದಲೇ ಅವನ ಮುಖಕ್ಕೆ ಹೊಡೆಸಿದ. ನನಗಿಂತ ಸ್ವಾಮಿಗೇ ಚೆನ್ನಾಗಿ ಗೊತ್ತು. ಆ ಮನುಷ್ಯನನ್ನು ನಾನು ಕ್ಷಮಿಸಿಲ್ಲ, ಆದರೆ ಸ್ವಾಮಿಯ ಮೇಲೆ ಇನ್ನೆಂದೂ ಅನುಮಾನ ಪಡುವುದಿಲ್ಲ. ಹಠ ಹಿಡಿದು ಕೇಳಿ, ಬಂಧುಗಳೇ. ಕೊಡುತ್ತಾನೆ.

ಗಡ್ಡೆ ಕರಗಿದಾಗ ಮೊದಲು ಹೊರಬಂದದ್ದು ಎತ್ತಿದ ಕೈ, ಆಮೇಲೆ ಬಾಲ. ಬಿಸಿನೀರಿನ ಅಭಿಷೇಕ ಮಾಡಿ, ಬೆಣ್ಣೆ ಹಚ್ಚಿ, ವಡೆಮಾಲೆ ಹಾಕಿದೆ. ಸ್ವಾಮಿಯಿದ್ದ ಜಾಗಕ್ಕೆ ರೆಸಿಯ ಐಸ್ ಚೀಲ ಇಟ್ಟೆ.

ರಾತ್ರಿ ಅನ್ನ, ನುಗ್ಗೆಕಾಯಿ ಹುಳಿ, ಮಾಲೆಯಿಂದ ಬಿಚ್ಚಿದ ವಡೆ. ರೆಸಿ ವಡೆಗೆ ಜ್ಯಾಮ್ ಹಚ್ಚಿಕೊಂಡು ನಾಲ್ಕು ತಿಂದಳು. ನಮ್ಮನೆಯವರು ಪಾತ್ರೆ ತೊಳೆದರು. ಎಲ್ಲರಿಗಿಂತ ಮೊದಲು ಮಲಗಿದವಳು ರೆಸಿಯೇ, ಸೋಫಾದ ಮೇಲೆ, ಮೊಣಕಾಲಿನ ಮೇಲೆ ಐಸ್ ಚೀಲ ಇಟ್ಟುಕೊಂಡೇ.