ಅಪ್ಪನ ವಿಮಾನ ಮತ್ತು ಜೋತುಬಿದ್ದ ಟೊಂಗೆಗಳು

ಬೈಲಹೊಂಗಲದ ನಮ್ಮ ಮನೆಯ ಗೇಟಿಗೂ ಬಾಗಿಲಿಗೂ ನಡುವೆ ಒಂದು ಹಳೆಯ ಬಾಟಲ್ ಬ್ರಷ್ ಮರವಿತ್ತು. ಟೊಂಗೆಗಳೆಲ್ಲ ಕೆಳಕ್ಕೆ ಜೋತುಬೀಳುವ ಜಾತಿ. ಬಂದವರು ಪರದೆ ಸರಿಸಿದಂತೆ ಅವನ್ನು ಸರಿಸಿಕೊಂಡೇ ಒಳಗೆ ಬರಬೇಕಿತ್ತು. ಅದನ್ನು ಪಾರಂಪರಿಕ ಮರಗಳ ಪಟ್ಟಿಗೆ ಸೇರಿಸಲು ನಿವೃತ್ತ ಮಾಸ್ತರನಾದ ಅಪ್ಪ ಎರಡು ವರ್ಷ ಅರಣ್ಯ ಇಲಾಖೆಯ ಕಚೇರಿ ಅಲೆದಿದ್ದ. ಸೇರಿದ ಮೇಲೆ, ಅನುಮತಿಯಿಲ್ಲದೆ ಒಂದು ಟೊಂಗೆಯನ್ನೂ ಕಡಿಯುವಂತಿಲ್ಲ ಎಂದು ಕಂಡವರಿಗೆಲ್ಲ ಹೇಳುತ್ತಿದ್ದ.

ಅಪ್ಪ ಸತ್ತದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಭಾನುವಾರ. ಅನುಮತಿ ಕೊಡುವ ಆ ಕಚೇರಿ ಮುಚ್ಚಿತ್ತು ಎಂಬ ನೆನಪಿನಿಂದ ಭಾನುವಾರ ಎನ್ನುತ್ತಿದ್ದೇನೆ. ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೆ ಇಷ್ಟು ಸಾಕ್ಷ್ಯ ಸಾಲದು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ವಿಮಾನ ಕಟ್ಟಿ, ಅದರಲ್ಲಿ ಕುಳ್ಳಿರಿಸಿ ಹೊರುತ್ತಾರೆ. ಗೇಟು ದಾಟುವ ತನಕ ಮಗ ಹೆಗಲು ಕೊಡಲೇಬೇಕು. ಅಂಗಳದಲ್ಲೇ ವಿಮಾನ ಕಟ್ಟಿದರು. ಎತ್ತರ ಯಾರೂ ನೋಡಿರಲಿಲ್ಲ. ನಾವು ನಾಲ್ವರು ಹೊತ್ತು ನಾಲ್ಕು ಹೆಜ್ಜೆ ಇಟ್ಟೆವು. ಟೊಂಗೆಗಳು ಅಪ್ಪನ ಮುಖಕ್ಕೆ ಬಡಿದವು. ಇಳಿಸಿದೆವು.

“ಕೊಡ್ಲಿ ತರ್ರಿ. ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕು,” ಎಂದ ಅಪ್ಪನ ತಮ್ಮ, ಕಾಕಾ.

“ಮಾಸ್ತರ್ರು ಇದ್ದಿದ್ರ ಮೊದ್ಲ ನಿಮ್ಮ ಕೈ ಕಡೀತಿದ್ರು ನೋಡ್ರಿ ಗೌಡ್ರ,” ಎಂದ ಪಕ್ಕದ ಮನೆಯ ಲಾರಿ ಡ್ರೈವರ್. ಅಪ್ಪನ ಹತ್ತಿರ ಉರ್ದು ಪತ್ರಿಕೆ ಓದಿ ಹೇಳುತ್ತ ಕೂರುತ್ತಿದ್ದವನು.

“ಹಂಗಾರ ಹಿತ್ತಲ ಬಾಗಲದಾಗಿಂದ ಒಯ್ಯೂಣೇನು, ಕಳ್ಳನ ಗತೆ?” ಕಾಕಾ ನನ್ನತ್ತ ತಿರುಗಿದ. “ನೀ ಹೇಳಪಾ. ಇಷ್ಟೆಲ್ಲಾ ಓದೀದಿ.”

“ಕಡೀಬ್ಯಾಡ್ರಿ” ಎಂದೆನೆಂದು ನನ್ನ ನೆನಪು. ನಾನು ಬಾಯೇ ಬಿಡಲಿಲ್ಲ ಎನ್ನುತ್ತಾಳೆ ಅಕ್ಕ. ಅವಳು ಬಾಗಿಲಲ್ಲೇ ನಿಂತಿದ್ದಳು.

ಡ್ರೈವರ್ ಲಾರಿಯ ಹಗ್ಗ ತಂದು ದಪ್ಪ ಟೊಂಗೆಗಳನ್ನು ಮೇಲಕ್ಕೆಳೆದು ಕಟ್ಟಿದ. ಉಳಿದವನ್ನು ಕೈಯಿಂದ ಎತ್ತಿ ಹಿಡಿಯಬೇಕಾಯಿತು. ನಾನೂ ಮರದ ಕಟ್ಟೆ ಹತ್ತಿ ಒಂದನ್ನು ಹಿಡಿದೆ. ಹಿಡಿಯಲು ಯಾರಾದರೂ ಹೇಳಿದರೋ, ನಾನೇ ಹೋಗಿ ನಿಂತೆನೋ ಗೊತ್ತಿಲ್ಲ. ವಿಮಾನ ಎದ್ದಿತು. ನನ್ನ ಜಾಗದಲ್ಲಿ ಕಾಕಾನ ಹೆಗಲಿತ್ತು. ಹಣೆಯ ತುಂಬ ವಿಭೂತಿ, ಕತ್ತು ತುಸು ವಾಲಿ, ಅಪ್ಪ ನನ್ನ ತೋಳಿನಡಿ ದಾಟಿ ಹೋದ. ಅಳು ಬರಲಿಲ್ಲ. ತೋಳು ನೋಯುತ್ತಿದೆ ಎಂದಷ್ಟೇ ಅನ್ನಿಸಿತು.

ಗೇಟು ಇನ್ನೂ ಐದಾರು ಮಾರು ಮುಂದಿತ್ತು. ಓಡಿಹೋಗಿ ಹೆಗಲು ಕೊಡಬಹುದಿತ್ತು. ಟೊಂಗೆ ಬಿಟ್ಟು ಕಟ್ಟೆಯಿಳಿದೆ, ಅಂಗೈಗೆ ಅಂಟಿದ್ದ ಹೂವಿನ ಕೆಂಪು ಎಳೆಗಳನ್ನು ಉದುರಿಸಿಕೊಂಡೆ, ಚಪ್ಪಲಿ ಹಾಕಿದ್ದೇನೆಯೇ ಎಂದು ನೋಡಿಕೊಂಡೆ. ಅಷ್ಟರಲ್ಲಿ ಅವರು ಹೊರಗಿದ್ದರು.