ಗಾಂಧಿ ಬಜಾರಿನಲ್ಲಿ ನನ್ನನ್ನು ಹುಡುಕಿದ್ದು

ಭದ್ರಾವತಿಯಲ್ಲಿರುವ ನನ್ನ ಸೋದರತ್ತೆಗೆ ಎಂಬತ್ತರ ಹತ್ತಿರ ವಯಸ್ಸು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಅವರೇ. ಅವರಿಗೆ ಮಗಳು ಹುಟ್ಟುವವರೆಗೆ, ಮಾವ ಕಾರ್ಖಾನೆಯ ಶಿಫ್ಟಿಗೆ ಹೋದರೆ ಕ್ವಾರ್ಟರ್ಸಿನಲ್ಲಿ ನಾವಿಬ್ಬರೇ. ಈಚೆಗೆ ಅತ್ತೆ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ, ಒಬ್ಬರನ್ನು ಇನ್ನೊಬ್ಬರ ಹೆಸರಿನಿಂದ ಕರೆಯುತ್ತಾರೆ. “ಹೊರಗೆ ಕರ್ಕೊಂಡು ಹೋದಾಗ ಅಮ್ಮನ ಕೈ ಬಿಡಬೇಡ,” ಎಂದು ಅವರ ಮಗಳು ನನಗೆ ಹೇಳಿಯೇ ಇದ್ದಳು.

ಹೋದ ವರ್ಷ ಕಣ್ಣು ತೋರಿಸಲು ಅವರನ್ನು ಶಿವಮೊಗ್ಗಕ್ಕೆ, ವಿನೋಬನಗರದ ಕ್ಲಿನಿಕ್ಕಿಗೆ ಕರೆತಂದೆ. ಕಾಯುತ್ತ ಕೂತಿದ್ದಾಗ ತಲೆ ಸುತ್ತು ಬಂದದ್ದು ನನಗೆ. ತಿಂಡಿ ತಿನ್ನದೆ ಬಿ.ಪಿ. ಮಾತ್ರೆ ನುಂಗಿದ್ದೆ. ಅತ್ತೆ ನರ್ಸಿನ ಹತ್ತಿರ ನೀರು ಇಸಿದುಕೊಂಡು ಕುಡಿಸಿದರು. ಫೋನನ್ನು ಸೈಲೆಂಟ್ ಮಾಡಿ ಅವರ ಕೈಚೀಲಕ್ಕೆ ಹಾಕಿದವನು ಆಮೇಲೆ ಅದನ್ನು ಮರೆತೇಬಿಟ್ಟೆ.

ಅಲ್ಲಿಂದ ಗಾಂಧಿ ಬಜಾರಿಗೆ ಹೋದೆವು. ಮರಿಮಗುವಿಗೆ ಮೆತ್ತನೆಯ ಹತ್ತಿ ಬಟ್ಟೆ ಬೇಕು ಅಂದಿದ್ದರು. ಬಟ್ಟೆ ಅಂಗಡಿಯಲ್ಲಿ ಅವರನ್ನು ಕೂರಿಸಿ, “ಕಾಫಿಪುಡಿ ತಗೊಂಡು ಬರ್ತೀನಿ, ಇಲ್ಲೇ ಇರಿ ಅತ್ತೆ,” ಎಂದೆ. ಅವರು ಬಟ್ಟೆಯ ಸುರುಳಿ ಬಿಚ್ಚಿಸಿ ನೋಡುವುದರಲ್ಲಿ ಮುಳುಗಿದ್ದರು. ನಾನು ಹೇಳಿದ್ದು ಕಿವಿಗೆ ಬಿದ್ದೇ ಇರಲಿಲ್ಲ.

ಪುಡಿ ಅಂಗಡಿಯಲ್ಲಿ ರಶ್ಶಿತ್ತು. ವಾಪಸು ಬಂದರೆ ಅತ್ತೆ ಇಲ್ಲ. “ಗಿರಾಕಿ ಜಾಸ್ತಿ ಸರ್, ನೋಡ್ಲಿಲ್ಲ,” ಎಂದ ಕೆಲಸದವನು. ಮನೆ ಯಾವುದೆಂದೇ ಮರೆತು ಹೊರಟುಬಿಟ್ಟರೇ? ಹೊಳೆಯೂ ಅಲ್ಲಿಂದ ದೂರವಿಲ್ಲ. ಜೇಬಿಗೆ ಕೈಹಾಕಿದರೆ ಫೋನಿಲ್ಲ. ಯಾರದಾದರೂ ಫೋನ್ ಕೇಳೋಣವೆಂದರೆ ಒಂದು ನಂಬರೂ ಬಾಯಿಗೆ ಬರಲಿಲ್ಲ. ಹೂವಿನವರನ್ನು, ಪಾತ್ರೆ ಅಂಗಡಿಯವರನ್ನು ಕೇಳುತ್ತ ಗಲ್ಲಿ ಗಲ್ಲಿ ಸುತ್ತಿದೆ.

ದಾರಿಯಲ್ಲಿ ಇಬ್ಬರು ಹಮಾಲರು ನನ್ನನ್ನು ತಡೆದರು. “ಸರ್, ಒಬ್ಬ ಹುಡುಗ ಕಾಣೆಯಾಗಿದಾನೆ. ನೀಲಿ ಅಂಗಿಯಂತೆ. ನೋಡಿದ್ರಾ?”

“ಇಲ್ಲಪ್ಪ,” ಎಂದು ಮುಂದೆ ನಡೆದೆ. ಪಾಪ, ಇವತ್ತು ಯಾರ್ಯಾರ ಮನೆಯವರೋ ಕಳೆದುಹೋಗಿದ್ದಾರೆ ಅನಿಸಿತು.

ಇನ್ನೊಂದು ತಿರುವಿನಲ್ಲಿ ಆಟೋದವನೊಬ್ಬ ನಿಲ್ಲಿಸಿ ಅದನ್ನೇ ಕೇಳಿದ. “ನೀಲಿ ಚೌಕಳಿ ಅಂಗಿ ಸರ್. ಬೆಳಗ್ಗೆಯಿಂದ ಏನೂ ತಿಂದಿಲ್ಲ, ತಲೆಸುತ್ತು ಬೇರೆ, ಎಲ್ಲಾದ್ರೂ ಬಿದ್ದಿರ್ತಾನೆ ಅಂತ ಒಬ್ಬ ಅಜ್ಜಿ...” ಹೇಳುತ್ತ ಹೇಳುತ್ತ ಅವನ ಕಣ್ಣು ನನ್ನ ಅಂಗಿಯ ಮೇಲೆ ನಿಂತಿತು. ಆಮೇಲೆ ನನ್ನ ಬೋಳುತಲೆಯನ್ನು ನೋಡಿದ. “ಅಜ್ಜಿ ‘ನಮ್ಮ ಹುಡುಗ’ ಅಂದಿದ್ರು,” ಎಂದ ಮೆಲ್ಲಗೆ.

ಅತ್ತೆ ಒಂದು ದಿನಸಿ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಕೈಯಲ್ಲಿ ಟೀ, ಪಕ್ಕದಲ್ಲಿ ಒಬ್ಬ ಪೊಲೀಸಿನವರು, ಸುತ್ತ ಏಳೆಂಟು ಜನ. ಮಗಳ ನಂಬರನ್ನು ಬಾಯಿಪಾಠ ಒಪ್ಪಿಸಿ ಅಂಗಡಿಯವರಿಂದಲೇ ಫೋನ್ ಮಾಡಿಸಿದ್ದರು. ಮಗಳು ಅತ್ತ ಭದ್ರಾವತಿಯಿಂದ ನನಗೆ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದಳು. ಅದು ಅತ್ತೆಯ ಚೀಲದಲ್ಲೇ ಸದ್ದಿಲ್ಲದೆ ಅದುರುತ್ತಿತ್ತು.

“ಎಲ್ಲಿ ಹೋಗಿದ್ಯೋ ಮಾರಾಯ?” ಎಂದರು.

“ನಿಮ್ಮನ್ನೇ ಹುಡುಕ್ತಿದ್ದೆ ಅತ್ತೆ.”

“ನನ್ನನ್ಯಾಕೆ ಹುಡುಕ್ತೀಯ? ನಾನು ಇಲ್ಲೇ ಇದೀನಲ್ಲ.”

ಪೊಲೀಸಿನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಹುಡುಗ ಸಿಕ್ಕಿದ, ಎಲ್ಲರೂ ಹೊರಡ್ರಪ್ಪ,” ಎಂದರು. ಜನ ನಕ್ಕರು. ನನಗೂ ನಗು ಬಂತು. ಅತ್ತೆ ಮಾತ್ರ ನಗಲಿಲ್ಲ. ಹತ್ತಿರದ ಹೋಟೆಲಿಗೆ ಕರೆದೊಯ್ದು, ನಾನು ಇಡ್ಲಿ ತಿಂದು ಮುಗಿಸುವವರೆಗೂ ಎದುರಿಗೇ ಕೂತಿದ್ದರು.

ಮುಂದಿನ ಸಲ ಕಣ್ಣು ತೋರಿಸುವ ದಿನ ಬಂದಾಗ ಮಗಳನ್ನೂ ಹೊರಡಿಸಿದರು. “ಅಮ್ಮ, ಅವನೊಬ್ಬ ಇದ್ರೆ ಸಾಲದಾ?” ಎಂದು ಅವಳು ಕೇಳಿದಳು.

“ನನ್ನ ಕಣ್ಣಿಗೆ ಔಷಧಿ ಬಿಟ್ಟಾಗ ಅವನನ್ನ ಯಾರೇ ನೋಡ್ಕೊಳ್ಳೋದು?” ಎಂದರು ಅತ್ತೆ, ಚಪ್ಪಲಿ ಮೆಟ್ಟಿಕೊಳ್ಳುತ್ತ.