ನಾಲ್ಕು ಲೋಟ ನೀರು

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಉಣ್ಣುವಾಗಲೂ ಬಾಗಿಲ ಕಡೆಗೇ ಕಣ್ಣು ಎಂದು ಹೆಂಡತಿ ಈಗಲೂ ಬಯ್ಯುತ್ತಾಳೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಒಂಬತ್ತು ವರ್ಷ ಸಪ್ಲೈಯರ್ ಆಗಿದ್ದವನು ನಾನು. ಅರವತ್ತರ ದಶಕದ ಮಾತು. ಅಲ್ಲಿ ಕೆಲಸಗಾರರು ಕೂರುವಂತಿರಲಿಲ್ಲ, ಊಟವನ್ನೂ ಒಲೆಯ ಪಕ್ಕ ನಿಂತೇ ಮುಗಿಸಬೇಕು. ಗಿರಾಕಿ ಬಾಯಿ ತೆರೆಯುವ ಮೊದಲೇ ನೀರು ಮುಂದಿರಬೇಕು. ನಾಲ್ಕು ಲೋಟದೊಳಗೆ ನಾಲ್ಕು ಬೆರಳು ಅದ್ದಿ ಒಂದೇ ಕೈಯಲ್ಲಿ ತರುವುದು ನಮ್ಮ ಜಂಬ. ಈಗ ನೆನೆದರೆ ಹೇಸಿಗೆಯಾಗುತ್ತದೆ, ಆಗ ಅದೇ ದೊಡ್ಡ ವಿದ್ಯೆ.

ಸಂಘ ಕಟ್ಟೋಣ ಎಂದು ಮೊದಲು ಹೇಳಿದವನು ಅಡುಗೆಯವನು. ಅಗರದ ಕಡೆಯವನು, ನನಗಿಂತ ಹತ್ತು ವರ್ಷ ದೊಡ್ಡವನು; ಎಲ್ಲರೂ ಅಣ್ಣ ಎನ್ನುತ್ತಿದ್ದೆವು. ಕುದಿಯುವ ಸಾರಿನ ಪಾತ್ರೆ ಇಳಿಸುವಾಗ ಬಲಗೈ ಸುಟ್ಟುಕೊಂಡು, ಮೂರನೇ ದಿನಕ್ಕೇ ಬಟ್ಟೆ ಸುತ್ತಿಕೊಂಡು ಒಲೆಯ ಮುಂದೆ ನಿಂತಿದ್ದ.

"ವಾರುಕ್ಕೊಂದು ರಜ, ಮೈಗಾಗ್ದಿದ್ರೆ ಮನೇಲಿರಕ್ಕೆ ಬುಡೋದು. ಇಷ್ಟೇ ಕೇಳನ ಕಣ್ರಲಾ," ಅಂದ.

ಏಳು ಜನರ ಸಹಿ ಇದ್ದರೆ ಸಂಘ ರಿಜಿಸ್ಟರ್ ಆಗುತ್ತದೆ ಎಂದು ಮೈಸೂರಿನಲ್ಲಿ ಯಾರನ್ನೋ ಕೇಳಿಕೊಂಡು ಬಂದಿದ್ದ. ಹೋಟೆಲಿನಲ್ಲಿ ನಾವಿದ್ದದ್ದೂ ಸರಿಯಾಗಿ ಏಳೇ ಜನ. ಮೊದಲ ಸಹಿ ಯಾರದು ಎಂದಾಗ ಎಲ್ಲರೂ ಗೋಡೆ ನೋಡತೊಡಗಿದೆವು. ಅಣ್ಣನೇ ಎಡಗೈಯಲ್ಲಿ ಸೊಟ್ಟಪಟ್ಟ ಬರೆದ, ಅವನ ಹಿಂದೆ ನಾವೂ ಹಾಕಿದೆವು.

ಕಾಗದ ಅಂಚೆಗೆ ಬೀಳುವ ಮೊದಲೇ ವಿಷಯ ಮಾಲೀಕರ ಕಿವಿಗೆ ಬಿತ್ತು. ಕೊಳ್ಳೇಗಾಲದಲ್ಲಿ ಏನು ಮುಚ್ಚಿಟ್ಟರೂ ಅಷ್ಟೆ. ಅಣ್ಣನನ್ನು ಆ ಸಂಜೆಯೇ ಕೆಲಸದಿಂದ ಬಿಡಿಸಿದರು. ಕೈ ಸುಟ್ಟವನಿಂದ ಅಡುಗೆ ಆಗುವುದಿಲ್ಲ ಎಂಬ ನೆಪ. ಅವನ ಮನೆಯಲ್ಲಿ ಐದು ಬಾಯಿ. ಅವನಿಲ್ಲದೆ ಸಂಘಕ್ಕೂ ನಾವು ಆರೇ ಆದೆವು. ಆ ಆರು ಜನ ಸಂತೆ ಮಾಳದಲ್ಲಿ ಸೇರಿ ತೀರ್ಮಾನ ಮಾಡಿದೆವು: ನಾಳೆ ಮಧ್ಯಾಹ್ನ, ಹನೂರಿನ ಬಸ್ಸು ಬಂದು ಊಟದ ಗಿರಾಕಿ ತುಂಬುವುದಕ್ಕೆ ಸ್ವಲ್ಪ ಮೊದಲು, ಗಿರಾಕಿಗಳ ಬೆಂಚಿನ ಮೇಲೆ ಕೂರುವುದು. ಅಣ್ಣನನ್ನು ವಾಪಸ್ ಕರೆಸುತ್ತೇನೆಂದು ಮಾಲೀಕರು ಬಾಯಿಬಿಟ್ಟು ಹೇಳುವ ತನಕ ಏಳಕೂಡದು. "ನಾನಂತೂ ಏಳಾಕಿಲ್ಲ" ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವನು ನಾನೇ.

ಕೂತೆವು. ಆ ಬೆಂಚನ್ನು ದಿನಕ್ಕೆ ನೂರು ಸಲ ಒರೆಸಿದ್ದೆ, ಮೇಲೆ ಕೂತದ್ದು ಅದೇ ಮೊದಲು. ಕಾಲು ಸುಮ್ಮನಿರಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಅಣ್ಣ ಬೀದಿಯಾಚೆ ನಿಂತು ನೋಡುತ್ತಿದ್ದ. ಮಾಲೀಕರು ಗಲ್ಲಾ ಬಿಟ್ಟು ಎದ್ದು ಬಂದರು.

"ಏನ್ರಲಾ, ನಿಮ್ಗೂ ಎಲೆ ಆಕುಸ್ಬೇಕಾ?"

ಯಾರೂ ಏಳಲಿಲ್ಲ. ಒಳಗೆ ಅನ್ನ ಸೀಯುವ ವಾಸನೆ ಎದ್ದಿತು. ಅವರು ಒಮ್ಮೆ ಅಡುಗೆಮನೆಯ ಕಡೆ, ಒಮ್ಮೆ ಬೀದಿಯಲ್ಲಿದ್ದ ಅಣ್ಣನ ಕಡೆ ನೋಡಿದರು. ಅವನನ್ನು ಕರೆಯಿರಿ ಎನ್ನುವುದಕ್ಕೇ ಬಾಯಿ ತೆರೆದಿದ್ದರೆಂದು ನಾನು ಈಗಲೂ ನಂಬಿದ್ದೇನೆ.

ಅಷ್ಟರಲ್ಲಿ ಬಸ್ಸು ಬಂತು. ಬೆಟ್ಟದ ದೇವರಿಗೆ ಹೋಗಿ ಬಂದ ನಾಲ್ವರು ಒಳಗೆ ಬಂದು ಮೂಲೆಯ ಮೇಜಿಗೆ ಕೂತರು. ಅವರಲ್ಲೊಬ್ಬ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆಂಚು ಕಿರ್ರೆಂದಿತು. ಆಮೇಲೆ ನನಗೆ ಗೊತ್ತಾದದ್ದು ಇಷ್ಟೇ: ನಾನು ಅವರ ಮುಂದೆ ನಿಂತಿದ್ದೇನೆ, ನನ್ನ ಕೈಯಲ್ಲಿ ನಾಲ್ಕು ಲೋಟ ನೀರಿದೆ. ಯಾವಾಗ ಎದ್ದೆ, ಹಂಡೆಯಿಂದ ಯಾವಾಗ ತುಂಬಿಕೊಂಡೆ, ದೇವರಾಣೆ ತಿಳಿಯದು. "ಏನ್ ಬೇಕು ಸಾ" ಎಂದೂ ಕೇಳಿಬಿಟ್ಟಿದ್ದೆ.

ಮಾಲೀಕರು ನಕ್ಕರು. "ನೋಡ್ರಲಾ, ಅನ್ನದ ಋಣ ಅಂದ್ರೆ ಇದು," ಎಂದು ನನ್ನ ಬೆನ್ನು ತಟ್ಟಿದರು. ನಾಚಿಕೆಯಿಂದ ಸತ್ತೇ ಹೋದೆ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಒಬ್ಬ ಎಲೆ ತಂದ, ಒಬ್ಬ ಅನ್ನ ಇಳಿಸಲು ಓಡಿದ. ಬೀದಿಯಾಚೆ ನೋಡಿದೆ. ಅಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟಿದ್ದ.

ಎರಡು ವರ್ಷದ ಮೇಲೆ ಊರಿನ ಬೇರೆ ಹೋಟೆಲಿನವರೂ ಸೇರಿ ಸಂಘ ಆಯಿತು. ವಾರದ ರಜವೂ ಬಂತು. ನನ್ನನ್ನೂ ಸೇರಿಸಿಕೊಂಡರು, ಆದರೆ ಸಭೆಗೆ ಹೋದಾಗಲೆಲ್ಲ "ನೀರು ಬಂತು, ನೀರು ಬಂತು" ಎಂದು ರೇಗಿಸುವುದನ್ನು ಬಿಡಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ತೋರಿಸಲಿ?

ಮೊದಲ ರಜದ ದಿನ ಮಾಂಬಳ್ಳಿಯ ನನ್ನ ಮನೆಗೆ ಹೋಗದೆ ಯಳಂದೂರಿನಲ್ಲಿ ಇಳಿದೆ. ಅಣ್ಣ ಅಲ್ಲಿ ಟೀ ಅಂಗಡಿ ಇಟ್ಟಿದ್ದಾನೆಂದು ಕೇಳಿದ್ದೆ. ಏನು ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ, ಅವನ ಮುಖ ಕಂಡದ್ದೇ ಎಲ್ಲ ಮರೆತುಹೋಯಿತು. ಬೆಂಚಿನ ತುದಿಗೆ ಕೂತೆ. ಅವನು ಒಳಗೆ ಹೋಗಿ ನೀರು ತಂದ. ಬಲಗೈ ಬೆರಳು ಮಡಚಲು ಬರುತ್ತಿರಲಿಲ್ಲ. ಲೋಟವನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದಿದ್ದ. ಅದನ್ನು ಇಸಿದುಕೊಳ್ಳಲು ಧಡಕ್ಕನೆ ಎದ್ದೆ.

"ಕೂತ್ಕಳ್ಲಾ," ಎಂದ ಅಣ್ಣ. "ಇವತ್ತಾದ್ರೂ ಕೂತ್ಕ."